ದೊಡ್ಡ ಆರ್ಡರ್ ಬಂತಾ? ಸ್ವೀಟ್ ಹಂಚೋ ಮುಂಚೆ ಲೆಕ್ಕ ಹಾಕಿ

ಪತಿಯ ಪುಟ್ಟ ವರ್ಕ್‌ಶಾಪ್‌ಗೆ ಎಷ್ಟು ದೊಡ್ಡ ಆರ್ಡರ್ ಸರಿ, ಎಷ್ಟು ಚಿಕ್ಕದು ಸರಿ? ಮನೆ ಖರ್ಚಿನ ಲೆಕ್ಕ ಬಲ್ಲ ನಿಮಗೆ ಇದೇನೂ ಕಬ್ಬಿಣದ ಕಡಲೆಯಲ್ಲ!

ರಾತ್ರಿ ಒಂಬತ್ತು ಗಂಟೆ. ಯಜಮಾನರು ಪೀಣ್ಯದಿಂದ ಮನೆಗೆ ಬರುತ್ತಾರೆ. ದಿನವೂ ಬರುವಾಗ ಮುಖ ಬಾಡಿರುತ್ತದೆ, ಅಂಗಿಗೆಲ್ಲ ಮೆಷಿನ್ ಎಣ್ಣೆಯ ವಾಸನೆ. ಇವತ್ತು ವಾಸನೆ ಅದೇ, ಆದರೆ ಮುಖ ಮಾತ್ರ ಅರಳಿದೆ. ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. ‘ಇಪ್ಪತ್ತು ಲಕ್ಷದ ಆರ್ಡರ್ ಕಣೇ! ಇನ್ನು ನಮ್ಮ ಕಷ್ಟ ಎಲ್ಲ ಕಳೀತು ಅಂದ್ಕೋ’ ಅನ್ನುತ್ತಾರೆ. ನೀವು ದೇವರ ಮುಂದೆ ದೀಪ ಹಚ್ಚುತ್ತೀರಿ. ಅಮ್ಮನಿಗೆ ಫೋನ್ ಮಾಡಿ ಹೇಳುತ್ತೀರಿ.

ಎರಡು ದಿನ ಬಿಟ್ಟು ಮೆಲ್ಲಗೆ ಇನ್ನೊಂದು ಮಾತು ಬರುತ್ತದೆ. ‘ಮೆಟೀರಿಯಲ್ ತರೋಕೆ ಸ್ವಲ್ಪ ದುಡ್ಡು ಬೇಕಿತ್ತು. ನಿನ್ನ ಬಳೆ ಬ್ಯಾಂಕಲ್ಲಿ ಇಡೋಣ್ವಾ? ಮೂರೇ ತಿಂಗಳು...’

ಈ ಮಾತು ನಿಮ್ಮ ಮನೆಯಲ್ಲೂ ಕೇಳಿಸಿದೆಯಾ? ಹಾಗಾದರೆ ಈ ಲೇಖನ ನಿಮಗಾಗಿಯೇ. ಪೀಣ್ಯ ಇರಲಿ, ಬೊಮ್ಮಸಂದ್ರ ಇರಲಿ, ಹುಬ್ಬಳ್ಳಿಯ ಗೋಕುಲ ರಸ್ತೆ ಇರಲಿ, ಬೆಳಗಾವಿಯ ಉದ್ಯಮಬಾಗ್ ಇರಲಿ, ಎರಡು ಲೇತು, ಒಂದು ಮಿಲ್ಲಿಂಗ್ ಮೆಷಿನ್, ನಾಲ್ಕು ಜನ ಹುಡುಗರನ್ನು ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವ ಎಲ್ಲ ಮನೆಗಳ ಕಥೆಯೂ ಹೆಚ್ಚುಕಡಿಮೆ ಇದೇ.

ನಮ್ಮನೆಯಲ್ಲಿ ಆದದ್ದು

ಬೇರೆಯವರ ಮಾತು ಯಾಕೆ, ನಮ್ಮನೆಯದೇ ಹೇಳುತ್ತೇನೆ. 2008ರ ಬೇಸಿಗೆಯಲ್ಲಿ ನಮ್ಮನೆಯವರಿಗೆ ವಾಹನದ ಬಿಡಿಭಾಗ ಮಾಡುವ ಕಂಪನಿಯೊಂದರಿಂದ ದೊಡ್ಡ ಆರ್ಡರ್ ಬಂತು. ಅದುವರೆಗೆ ಮಾಡುತ್ತಿದ್ದ ಕೆಲಸದ ಮೂರು ಪಟ್ಟು. ಹೊಸ ಮೆಷಿನ್‌ಗೆ ಸಾಲ ಮಾಡಿದೆವು. ಉಕ್ಕು ತರಲು ನನ್ನ ಬಳೆ, ಸರ ಎರಡೂ ಬ್ಯಾಂಕಿಗೆ ಹೋದವು. ಪುರುಸೊತ್ತಿಲ್ಲ ಎಂದು ಹಳೆಯ ಮೂವರು ಗಿರಾಕಿಗಳನ್ನು ಬಿಟ್ಟೆವು.

ಆ ವರ್ಷದ ಕೊನೆಗೆ ಪ್ರಪಂಚದಾದ್ಯಂತ ಆರ್ಥಿಕ ಹಿಂಜರಿತ ಬಂತು. ಕಾರು-ಲಾರಿಗಳ ಬೇಡಿಕೆ ಬಿತ್ತು. ಆ ಕಂಪನಿಯವರು ‘ಸದ್ಯಕ್ಕೆ ಮಾಲು ಕಳಿಸಬೇಡಿ’ ಎಂದು ಒಂದೇ ಒಂದು ಫೋನ್ ಮಾಡಿದರು. ಅರ್ಧ ಕೊರೆದ ಸಾವಿರಾರು ಪೀಸುಗಳು ನಮ್ಮ ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದವು. ಕಳಿಸಿದ ಮಾಲಿನ ದುಡ್ಡು ಕೈಗೆ ಬಂದಿದ್ದು ಹತ್ತು ತಿಂಗಳ ಮೇಲೆ. ಬಳೆ ವಾಪಸ್ ಬಂತು, ಸರ ಬರಲಿಲ್ಲ. ಬಿಟ್ಟ ಗಿರಾಕಿಗಳಲ್ಲಿ ಒಬ್ಬರು ಮಾತ್ರ ಮತ್ತೆ ಕೆಲಸ ಕೊಟ್ಟರು.

ಆಗ ನನಗೆ ಅರ್ಥವಾದದ್ದು ಒಂದೇ ಮಾತು. ಆರ್ಡರ್ ಎಷ್ಟು ದೊಡ್ಡದಿರಬೇಕು ಎನ್ನುವುದನ್ನು ಮೆಷಿನ್ ಹೇಳುವುದಿಲ್ಲ, ಗಿರಾಕಿಯೂ ಹೇಳಬಾರದು. ಆ ದುಡ್ಡು ಬರುವವರೆಗೆ ನಾವು ಎಷ್ಟು ದಿನ ಕಾಯಬಲ್ಲೆವು ಎನ್ನುವುದೇ ಹೇಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಮೊದಲ ಅಳತೆ: ಗಲ್ಲಾ

ಬನ್ನಿ, ಆ ಇಪ್ಪತ್ತು ಲಕ್ಷದ ಆರ್ಡರನ್ನೇ ಬಿಡಿಸಿ ನೋಡೋಣ. ಒಂದು ಪೆನ್ನು, ಮಕ್ಕಳ ಹಳೆಯ ನೋಟ್‌ಬುಕ್ಕು ಸಾಕು.

ನಾಲ್ಕು ತಿಂಗಳಲ್ಲಿ ಕೊಡಬೇಕು, ತಿಂಗಳಿಗೆ ಐದು ಲಕ್ಷದ ಮಾಲು ಎಂದಿಟ್ಟುಕೊಳ್ಳಿ. ಅದಕ್ಕೆ ಉಕ್ಕು ತರಲು ತಿಂಗಳಿಗೆ ಎರಡೂವರೆ ಲಕ್ಷ. ಕೂಲಿ, ಕರೆಂಟು, ಟೂಲು, ಪ್ಲೇಟಿಂಗು, ಟೆಂಪೋ ಬಾಡಿಗೆ ಎಲ್ಲ ಸೇರಿ ಒಂದೂವರೆ ಲಕ್ಷ. ಒಟ್ಟು ಖರ್ಚು ನಾಲ್ಕು ಲಕ್ಷ, ಉಳಿಯುವುದು ಒಂದು ಲಕ್ಷ. ನಾಲ್ಕು ತಿಂಗಳಿಗೆ ನಾಲ್ಕು ಲಕ್ಷ ಲಾಭ. ನಿಮ್ಮ ಯಜಮಾನರು ಖುಷಿಪಟ್ಟದ್ದು ಇದೇ ಲೆಕ್ಕಕ್ಕೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದು ಅರ್ಧ ಲೆಕ್ಕ ಮಾತ್ರ.

ಇನ್ನರ್ಧ ಇಲ್ಲಿದೆ. ಬಿಲ್ ಕೊಟ್ಟ 60 ದಿನಕ್ಕೆ ದುಡ್ಡು ಎಂದು ಆರ್ಡರ್‌ನಲ್ಲಿ ಬರೆದಿರುತ್ತಾರೆ. ಬರುವುದು 90 ದಿನಕ್ಕೆ ಎಂದೇ ಹಿಡಿಯಿರಿ. ಇದರ ಜೊತೆಗೆ ಜಿಎಸ್‌ಟಿ ಇದೆ. ಇಂಥ ಬಿಡಿಭಾಗಗಳಿಗೆ ಸಾಮಾನ್ಯವಾಗಿ ಶೇ. 18. ಗಿರಾಕಿ ದುಡ್ಡು ಕೊಡಲಿ ಬಿಡಲಿ, ತಿಂಗಳ ರಿಟರ್ನ್ ಹಾಕುವವರು ಮುಂದಿನ ತಿಂಗಳ 20ರೊಳಗೆ ತೆರಿಗೆ ಕಟ್ಟಲೇಬೇಕು. ಐದು ಲಕ್ಷದ ಬಿಲ್ಲಿಗೆ 90 ಸಾವಿರ ತೆರಿಗೆ. ಅದರಲ್ಲಿ 45 ಸಾವಿರವನ್ನು ಉಕ್ಕು ಕೊಳ್ಳುವಾಗಲೇ ಅಂಗಡಿಯವನಿಗೆ ಕೊಟ್ಟಿರುತ್ತೀರಿ, ಉಳಿದ 45 ಸಾವಿರ ಸರ್ಕಾರಕ್ಕೆ ಕಟ್ಟುತ್ತೀರಿ. ಎರಡೂ ನಿಮ್ಮ ಕೈಯಿಂದಲೇ.

ಈಗ ತಿಂಗಳು ತಿಂಗಳು ಕೂಡಿಸಿ. ಮೊದಲ ತಿಂಗಳ ಕೊನೆಗೆ ಕೈಯಿಂದ ಹೋಗಿರುವುದು 4 ಲಕ್ಷ 45 ಸಾವಿರ. ಎರಡನೇ ತಿಂಗಳಿಗೆ 9 ಲಕ್ಷ 35 ಸಾವಿರ. ಮೂರನೇ ತಿಂಗಳಿಗೆ 14 ಲಕ್ಷ 25 ಸಾವಿರ. ನಾಲ್ಕನೇ ತಿಂಗಳ ಕೊನೆಗೆ 19 ಲಕ್ಷ 15 ಸಾವಿರ! ಮೊದಲ ಚೆಕ್ ಬರುವುದು ಆಮೇಲೆ.

ನೋಡಿದಿರಾ? ನಾಲ್ಕು ಲಕ್ಷ ಲಾಭಕ್ಕಾಗಿ ಹತ್ತೊಂಬತ್ತು ಲಕ್ಷ ಕೈಯಿಂದ ಹಾಕಬೇಕು. ಇದನ್ನೆಲ್ಲ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದರೆ, ಹಣ ಪೂರ್ತಿ ವಾಪಸ್ ಬರುವಷ್ಟರಲ್ಲಿ ಬಡ್ಡಿಯೇ ಒಂದು ಲಕ್ಷ ದಾಟುತ್ತದೆ. ಲಾಭದಲ್ಲಿ ಕಾಲು ಭಾಗ ಬಡ್ಡಿಯವನಿಗೆ ಹೋಯಿತು!

ಹಾಗಾದರೆ ನಿಮಗೆ ಎಷ್ಟು ಸರಿ? ಅದಕ್ಕೂ ಲೆಕ್ಕ ಇದೆ. ಕರೆಂಟ್ ಅಕೌಂಟ್‌ನಲ್ಲಿರುವ ದುಡ್ಡು, ಜೊತೆಗೆ ಬ್ಯಾಂಕ್ ಓಡಿಯಲ್ಲಿ ಇನ್ನೂ ಬಳಸದೆ ಉಳಿದಿರುವ ಮೊತ್ತ, ಎರಡನ್ನೂ ಕೂಡಿಸಿ. ಉದಾಹರಣೆಗೆ 6 ಲಕ್ಷ ಮತ್ತು 8 ಲಕ್ಷ, ಒಟ್ಟು 14 ಲಕ್ಷ. ಅದರಲ್ಲಿ ಎರಡು ತಿಂಗಳ ಸಂಬಳ, ಶೆಡ್ ಬಾಡಿಗೆ, ಕರೆಂಟ್ ಬಿಲ್, ಕಂತು ಇವಿಷ್ಟಕ್ಕೆ 4 ಲಕ್ಷ ಪಕ್ಕಕ್ಕಿಡಿ. ಮನೆ ಖರ್ಚು, ಮಕ್ಕಳ ಫೀಸು, ಅತ್ತೆ-ಮಾವನ ಔಷಧಿಗೆ 1 ಲಕ್ಷ ಇಡಿ. ಉಳಿದದ್ದು 9 ಲಕ್ಷ. ಈ ವರ್ಕ್‌ಶಾಪ್ ಕಾಯಬಲ್ಲದ್ದು ಒಂಬತ್ತು ಲಕ್ಷದಷ್ಟು ಮಾತ್ರ. ಅದೇ ಕೆಲಸವನ್ನು ತಿಂಗಳಿಗೆ ಎರಡು ಲಕ್ಷದಂತೆ ಎಂಟು ಲಕ್ಷಕ್ಕೆ ಒಪ್ಪಿಕೊಂಡರೆ ಕೈಯಿಂದ ಹೋಗುವುದು ಹೆಚ್ಚೆಂದರೆ 7 ಲಕ್ಷ 66 ಸಾವಿರ. ನಿಮ್ಮ ಅಳತೆಗೆ ಅದು ಸರಿಹೋಗುತ್ತದೆ. ಬಳೆಯೂ ಕೈಯಲ್ಲೇ ಇರುತ್ತದೆ.

ಎರಡನೇ ಅಳತೆ: ಮೆಷಿನ್ ಗಂಟೆ

ಐದು ಲೀಟರ್ ಕುಕ್ಕರ್‌ನಲ್ಲಿ ಐವತ್ತು ಜನಕ್ಕೆ ಅನ್ನ ಮಾಡಲು ಆಗುತ್ತಾ? ಮೆಷಿನ್ನೂ ಹಾಗೇ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ, 200 ಗಂಟೆ ಎಂದು ಕಾಗದದ ಮೇಲೆ ಬರೆಯುವುದು ಸುಲಭ. ಆದರೆ ಕರೆಂಟ್ ಹೋಗುತ್ತದೆ, ಹುಡುಗ ಊರ ಹಬ್ಬಕ್ಕೆ ಹೋಗುತ್ತಾನೆ, ಟೂಲ್ ಮುರಿಯುತ್ತದೆ, ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಸೆಟ್ಟಿಂಗ್ ಮಾಡಲು ಎರಡು ಗಂಟೆ ಹಿಡಿಯುತ್ತದೆ. ನಾನು ಲೆಕ್ಕಕ್ಕೆ ಹಿಡಿಯುವುದು 150 ಗಂಟೆ ಮಾತ್ರ.

ಒಂದು ಪೀಸಿಗೆ 12 ನಿಮಿಷ ಬೇಕಾದರೆ ಗಂಟೆಗೆ ಐದು, ತಿಂಗಳಿಗೆ 750. ಗಿರಾಕಿ ಸಾವಿರ ಕೇಳಿದರೆ? ರಾತ್ರಿ ಪಾಳಿ ಹಾಕಬೇಕು. ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ. ನಿದ್ದೆಗಣ್ಣಲ್ಲಿ ಕೊರೆದ ಪೀಸು ಅಳತೆ ತಪ್ಪುತ್ತದೆ, ರಿಜೆಕ್ಟ್ ಆಗುತ್ತದೆ. ರಿಜೆಕ್ಟ್ ಆದ ಪೀಸಿನಲ್ಲಿ ನಿಮ್ಮ ಉಕ್ಕೂ ಹೋಯಿತು, ಕೂಲಿಯೂ ಹೋಯಿತು.

ಇನ್ನೊಂದು ವಿಷಯ ಮರೆಯಬೇಡಿ. ಆ 150 ಗಂಟೆಯಲ್ಲಿ ಹಳೆಯ ಗಿರಾಕಿಗಳ ಕೆಲಸಕ್ಕೆ ಎಷ್ಟು ಹೋಗುತ್ತಿದೆ? ಅದನ್ನು ಕಳೆದು ಉಳಿದದ್ದು ಮಾತ್ರ ಹೊಸ ಆರ್ಡರ್‌ಗೆ. ‘ಹೊಸ ಮೆಷಿನ್ ತಗೊಂಡ್ರೆ ಆಯ್ತು’ ಎಂದು ಯಜಮಾನರು ಹೇಳಬಹುದು. ಒಂದು ಪ್ರಶ್ನೆ ಕೇಳಿ. ‘ರೀ, ಮೆಷಿನ್ ಕಂತು ಐದು ವರ್ಷ. ಆರ್ಡರ್ ನಾಲ್ಕು ತಿಂಗಳು. ಐದನೇ ತಿಂಗಳು ಕಂತು ಕಟ್ಟೋದು ಯಾವ ದುಡ್ಡಲ್ಲಿ?’

ಮೂರನೇ ಅಳತೆ: ಗಿರಾಕಿ

ಒಬ್ಬನೇ ಗಿರಾಕಿಯನ್ನು ನಂಬುವುದು ಒಂಟಿ ಕಾಲಿನ ಮಣೆಯ ಮೇಲೆ ಕೂತ ಹಾಗೆ. ಬೆಂಗಳೂರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾಯಿತು. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್, ಐಟಿಐಗಳಿಗೆ ಬಿಡಿಭಾಗ ಮಾಡಿಕೊಟ್ಟೇ ಈ ಊರಿನ ಎಷ್ಟೋ ಚಿಕ್ಕ ವರ್ಕ್‌ಶಾಪ್‌ಗಳು ಬೆಳೆದವು. ನಮ್ಮ ಅಪ್ಪ-ಅಮ್ಮನ ಕಾಲದಲ್ಲಿ ‘ಎಚ್‌ಎಂಟಿ ಕೆಲಸ’ ಎಂದರೆ ಮನೆಯಲ್ಲಿ ಹಬ್ಬ. ಮದುವೆಗೆ ಎಚ್‌ಎಂಟಿ ವಾಚ್ ಉಡುಗೊರೆ ಕೊಡುತ್ತಿದ್ದ ದಿನಗಳು ನೆನಪಿವೆಯಲ್ಲ? ಕೊನೆಗೆ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಂಥ ಆಲದ ಮರವೇ ಬೀಳುವುದಾದರೆ ಅದರ ನೆರಳಲ್ಲಿರುವ ಗಿಡಗಳ ಪಾಡೇನು?

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗಲೂ ಅಷ್ಟೇ. ಬರೀ ವಾಹನದ ಬಿಡಿಭಾಗ ಮಾಡುತ್ತಿದ್ದವರ ಶೆಡ್ಡು ತಣ್ಣಗಾಯಿತು. ಜೊತೆಗೆ ಔಷಧಿ ಕಂಪನಿಯ ಮೆಷಿನ್‌ಗೋ ಪಂಪ್‌ಸೆಟ್‌ಗೋ ಒಂದಿಷ್ಟು ಕೆಲಸ ಇಟ್ಟುಕೊಂಡಿದ್ದವರು ಹೇಗೋ ಉಸಿರು ಹಿಡಿದುಕೊಂಡರು.

2008ರ ಪೆಟ್ಟು ತಿಂದ ಮೇಲೆ ನಮ್ಮನೆಯಲ್ಲಿ ಒಂದು ನಿಯಮ ಮಾಡಿಕೊಂಡೆವು. ವರ್ಷದ ಒಟ್ಟು ವ್ಯವಹಾರದಲ್ಲಿ ಒಬ್ಬ ಗಿರಾಕಿಯ ಪಾಲು ಮೂರನೇ ಒಂದು ಭಾಗ ಮೀರಬಾರದು. ಮೀರುವಂತಿದ್ದರೆ ಇನ್ನೊಬ್ಬ ಗಿರಾಕಿಯನ್ನು ಹುಡುಕುವ ತನಕ ನಿಧಾನ. ಇದು ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲ, ನಮ್ಮ ಅನುಭವದ ಪುಸ್ತಕದಲ್ಲಿದೆ.

ಹಾಗಂತ ಚಿಕ್ಕದೆಲ್ಲ ಚಿನ್ನವಲ್ಲ

ದೊಡ್ಡದು ಬೇಡ ಎಂದ ಮಾತ್ರಕ್ಕೆ ಹತ್ತು ಪೀಸಿನ ಆರ್ಡರ್‌ಗಳನ್ನೇ ರಾಶಿ ಹಾಕಿಕೊಂಡರೂ ಕಷ್ಟ. ನಾಲ್ಕು ಜನರಿಗೆ ಮಾಡಲಿ, ನಲವತ್ತು ಜನರಿಗೆ ಮಾಡಲಿ, ಗ್ರೈಂಡರ್ ತೊಳೆಯುವ ಕೆಲಸ ಒಂದೇ ಅಲ್ಲವೇ? ಮೆಷಿನ್ ಸೆಟ್ಟಿಂಗೂ ಹಾಗೆಯೇ. ಮೆಷಿನ್ ಗಂಟೆಗೆ 400 ರೂಪಾಯಿ ಎಂದಾದರೆ ಎರಡು ಗಂಟೆಯ ಸೆಟ್ಟಿಂಗ್‌ಗೆ 800 ರೂಪಾಯಿ. ಹತ್ತು ಪೀಸಿಗೆ ಹಂಚಿದರೆ ತಲಾ 80 ರೂಪಾಯಿ, ಐನೂರು ಪೀಸಿಗೆ ಹಂಚಿದರೆ ತಲಾ ಒಂದು ರೂಪಾಯಿ 60 ಪೈಸೆ. ಎರಡಕ್ಕೂ ಒಂದೇ ರೇಟು ಹೇಳಿದರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗಾಗುತ್ತದೆ.

ಚಿಕ್ಕ ಆರ್ಡರ್‌ಗೆ ಸೆಟ್ಟಿಂಗ್ ಚಾರ್ಜ್ ಬೇರೆಯಾಗಿ ಹಾಕಿ. ಇಲ್ಲವೇ ‘ಇಷ್ಟಕ್ಕಿಂತ ಕಮ್ಮಿ ಬಿಲ್ ಮಾಡಲ್ಲ’ ಎಂದು ಕನಿಷ್ಠ ಮೊತ್ತ ಇಟ್ಟುಕೊಳ್ಳಿ. ಆದರೆ ರಿಪೇರಿ ಕೆಲಸ, ಅರ್ಜೆಂಟ್ ಕೆಲಸಗಳನ್ನು ತಾತ್ಸಾರ ಮಾಡಬೇಡಿ. ಪಕ್ಕದ ಕಾರ್ಖಾನೆಯ ಶಾಫ್ಟ್ ಮುರಿದಿದೆ, ಸಂಜೆಯೊಳಗೆ ಬೇಕು ಎಂದು ಓಡಿ ಬರುತ್ತಾರಲ್ಲ, ಅವರು ಚೌಕಾಸಿ ಮಾಡುವುದು ಕಡಿಮೆ, ದುಡ್ಡು ಕೈಯಲ್ಲೇ ಇಟ್ಟು ಹೋಗುತ್ತಾರೆ. ವಾರದ ಬಟವಾಡೆಗೆ ಆ ದುಡ್ಡೇ ಆಸರೆ. ಊಟದಲ್ಲಿ ಅನ್ನವೂ ಬೇಕು, ಪಲ್ಯವೂ ಬೇಕು, ಉಪ್ಪಿನಕಾಯಿಯೂ ಇರಬೇಕು. ಆರ್ಡರ್‌ಗಳಲ್ಲೂ ಅಷ್ಟೇ.

ಬೇಡ ಅನ್ನಬೇಕಿಲ್ಲ, ಕತ್ತರಿಸಿ ಕೇಳಿ

‘ಅಷ್ಟು ದೊಡ್ಡ ಆರ್ಡರ್ ಕೈಬಿಡೋದಾ?’ ಎಂದು ಹೊಟ್ಟೆ ಉರಿಯುತ್ತದೆ, ನಿಜ. ಕೈಬಿಡುವುದು ಬೇಡ. ಸೀರೆ ಇಷ್ಟವಾಯಿತು, ಬ್ಲೌಸ್ ಅಳತೆಗೆ ಕೂರಲಿಲ್ಲ ಎಂದರೆ ಟೈಲರ್ ಹತ್ತಿರ ಹೋಗುತ್ತೇವಲ್ಲ? ಆರ್ಡರನ್ನೂ ನಿಮ್ಮ ಅಳತೆಗೆ ತರಬಹುದು.

ಮೆಟೀರಿಯಲ್ ನೀವೇ ಕೊಡಿ ಎಂದು ಕೇಳಿ: ಉಕ್ಕು ಗಿರಾಕಿಯದು, ಕೆಲಸ ಮಾತ್ರ ನಿಮ್ಮದು. ಇದಕ್ಕೇ ಜಾಬ್‌ವರ್ಕ್ ಎನ್ನುವುದು. ನಮ್ಮ ಇಪ್ಪತ್ತು ಲಕ್ಷದ ಉದಾಹರಣೆಯಲ್ಲಿ ಹೀಗೆ ಮಾಡಿದರೆ ಬಿಲ್ ಹತ್ತು ಲಕ್ಷಕ್ಕೆ ಇಳಿಯುತ್ತದೆ, ಆದರೆ ಲಾಭ ಅದೇ ನಾಲ್ಕು ಲಕ್ಷ! ಕೈಯಿಂದ ಹೋಗುವ ದುಡ್ಡು ಮಾತ್ರ ಹತ್ತೊಂಬತ್ತು ಲಕ್ಷದಿಂದ ಸುಮಾರು ಏಳು ಲಕ್ಷಕ್ಕೆ ಇಳಿಯುತ್ತದೆ. ಬಿಲ್ ಮೊತ್ತ ಚಿಕ್ಕದಾಯಿತು ಎಂದು ಬೇಸರ ಯಾಕೆ ಹೇಳಿ?

ತಿಂಗಳ ಲೆಕ್ಕಕ್ಕೆ ಒಪ್ಪಿ: ಕೆಲವು ಕಂಪನಿಗಳು ಇಡೀ ವರ್ಷಕ್ಕೆ ಒಂದು ದೊಡ್ಡ ಆರ್ಡರ್ ಬರೆದು, ಪ್ರತಿ ತಿಂಗಳು ಎಷ್ಟು ಬೇಕು ಎಂದು ಶೆಡ್ಯೂಲ್ ಕಳಿಸುತ್ತವೆ. ವರ್ಷದ ಮೊತ್ತ ನೋಡಿ ವರ್ಷದ ಉಕ್ಕು ತಂದು ತುಂಬಬೇಡಿ. ಶೆಡ್ಯೂಲ್ ಬಂದಷ್ಟಕ್ಕೆ ಮಾತ್ರ ಖರ್ಚು ಮಾಡಿ.

ಮೊದಲು ಐವತ್ತು ಪೀಸು: ಹೊಸ ಡ್ರಾಯಿಂಗ್ ಆದರೆ ಸ್ಯಾಂಪಲ್ ಮಾಡಿಕೊಟ್ಟು, ಲಿಖಿತವಾಗಿ ಒಪ್ಪಿಗೆ ಪಡೆದ ಮೇಲೇ ಉಳಿದದ್ದು. ಇದರಿಂದ ಒಂದು ಪೀಸಿಗೆ ನಿಜವಾಗಿ ಎಷ್ಟು ನಿಮಿಷ ಹಿಡಿಯುತ್ತದೆ ಎನ್ನುವುದೂ ತಿಳಿಯುತ್ತದೆ.

ಅಡ್ವಾನ್ಸ್ ಕೇಳಲು ನಾಚಿಕೆ ಬೇಡ: ಕಲ್ಯಾಣ ಮಂಟಪದವರು ಕೇಳುತ್ತಾರೆ, ಅಡುಗೆಯವರು ಕೇಳುತ್ತಾರೆ. ವರ್ಕ್‌ಶಾಪ್‌ನವರು ಕೇಳಿದರೆ ತಪ್ಪಾ?

ಪಕ್ಕದ ಶೆಡ್ಡಿಗೆ ಪಾಲು ಕೊಡಿ: ನಿಮ್ಮ ಕೈಲಿ ಆಗದ ಭಾಗವನ್ನು ಗೊತ್ತಿರುವವರಿಂದ ಮಾಡಿಸಬಹುದು. ಆದರೆ ಅವರು ಮಾಡಿದ ಪೀಸು ರಿಜೆಕ್ಟ್ ಆದರೂ ಗಿರಾಕಿಗೆ ಉತ್ತರ ಹೇಳಬೇಕಾದವರು ನೀವೇ. ಚೆಕ್ ಮಾಡಿಯೇ ಕಳಿಸಿ.

ಕಾಗದ ಓದದೆ ಸಹಿ ಬೇಡ

ಆರ್ಡರ್ ಕಾಗದದ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅದನ್ನು ಕನ್ನಡಕ ಹಾಕಿಕೊಂಡು ಓದಿ. ತಡವಾದರೆ ವಾರಕ್ಕೆ ಶೇ. ಅರ್ಧದಂತೆ ದಂಡ, ಗರಿಷ್ಠ ಶೇ. 10 ಎಂದು ಇದ್ದರೆ ಇಪ್ಪತ್ತು ಲಕ್ಷಕ್ಕೆ ಎರಡು ಲಕ್ಷ. ಅಂದರೆ ನಿಮ್ಮ ಅರ್ಧ ಲಾಭ! ಆರ್ಡರ್ ಮಧ್ಯದಲ್ಲಿ ನಿಲ್ಲಿಸಿದರೆ ಅರ್ಧ ಆದ ಮಾಲು, ತಂದಿಟ್ಟ ಉಕ್ಕು ಯಾರಿಗೆ ಎಂದು ಬರೆದಿದೆಯಾ? ಇಲ್ಲದಿದ್ದರೆ ಬರೆಸಿ. ನಾವು 2008ರಲ್ಲಿ ಬರೆಸದೆ ಕೆಟ್ಟೆವು. ಉಕ್ಕಿನ ಬೆಲೆ ಏರಿದರೆ ರೇಟು ಏರುತ್ತದಾ? 2021ರಲ್ಲಿ ಉಕ್ಕು ತುಟ್ಟಿಯಾದಾಗ ಹಳೆಯ ರೇಟಿಗೆ ಸಿಕ್ಕಿಕೊಂಡವರು ಪಟ್ಟ ಪಾಡು ಅವರಿಗೇ ಗೊತ್ತು.

ಕಾನೂನು ನಿಮ್ಮ ಕಡೆ ಇದೆ ಎನ್ನುವುದೂ ತಿಳಿದಿರಲಿ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. 60 ದಿನ, 90 ದಿನ ಎಂದು ಕಾಗದದಲ್ಲಿ ಬರೆದರೂ ಕಾನೂನಿನ ಮುಂದೆ ಅದು 45 ದಿನವೇ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರು ಕೊಡಲು 2017ರಲ್ಲಿ ಸಮಾಧಾನ್ ಎಂಬ ಆನ್‌ಲೈನ್ ವ್ಯವಸ್ಥೆ ಶುರುವಾಯಿತು. 2023-24ನೇ ಸಾಲಿನಿಂದ ಆದಾಯ ತೆರಿಗೆಯಲ್ಲೂ ಒಂದು ನಿಯಮ ಬಂದಿದೆ. ಈ ಗಡುವಿನೊಳಗೆ ದುಡ್ಡು ಕೊಡದ ಕಂಪನಿ ಅದನ್ನು ಆ ವರ್ಷದ ಖರ್ಚಿಗೆ ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲೇ ತೋರಿಸಬೇಕು. ಮಾರ್ಚ್ ಹತ್ತಿರ ಬಂದಾಗ ಇದನ್ನು ನಯವಾಗಿ ನೆನಪಿಸಿದರೆ ಕೆಲಸ ಆಗುತ್ತದೆ.

ಇದಕ್ಕೆಲ್ಲ ಉದ್ಯಮ್ ನೋಂದಣಿ ಇರಬೇಕು. ಅದು ಉಚಿತ, ಯಾರಿಗೂ ದುಡ್ಡು ಕೊಡಬೇಕಿಲ್ಲ. ಆರ್ಡರ್ ಒಪ್ಪುವ ಮುಂಚೆಯೇ ಮಾಡಿಸಿ, ಆ ನಂಬರ್ ಪ್ರತಿ ಬಿಲ್ಲಿನ ಮೇಲೂ ಇರಲಿ. ಆದರೂ ನಾನು ಲೆಕ್ಕಕ್ಕೆ 90 ದಿನ ಹಿಡಿಯಿರಿ ಎಂದದ್ದು ಯಾಕೆ ಗೊತ್ತಾ? ಗಿರಾಕಿ ಮುನಿಸಿಕೊಂಡಾನು ಎಂದು ನಮ್ಮ ಗಂಡಸರು ದೂರು ಕೊಡಲು ಹಿಂಜರಿಯುತ್ತಾರೆ. ಕಾನೂನು ಕೊಡೆ ಇದ್ದ ಹಾಗೆ. ಇರಲಿ, ಆದರೆ ಅದನ್ನು ನಂಬಿ ಮಳೆಯಲ್ಲೇ ಮನೆ ಕಟ್ಟಬೇಡಿ.

ದುಡ್ಡು ಬೇಗ ಬೇಕಾದರೆ ಟ್ರೆಡ್ಸ್ ಎಂಬ ವ್ಯವಸ್ಥೆಯೂ ಇದೆ. ಗಿರಾಕಿ ಒಪ್ಪಿದ ಬಿಲ್ಲನ್ನು ಅಲ್ಲಿ ಹಾಕಿದರೆ ಬ್ಯಾಂಕುಗಳು ಸ್ವಲ್ಪ ಬಡ್ಡಿ ಹಿಡಿದು ದುಡ್ಡು ಕೊಡುತ್ತವೆ, ಆಮೇಲೆ ಗಿರಾಕಿಯಿಂದ ವಸೂಲಿ ಮಾಡಿಕೊಳ್ಳುತ್ತವೆ. ವರ್ಷಕ್ಕೆ 250 ಕೋಟಿಗೂ ಮೀರಿ ವಹಿವಾಟಿರುವ ಕಂಪನಿಗಳು 2025ರ ಮಾರ್ಚ್ 31ರೊಳಗೆ ಇದಕ್ಕೆ ಸೇರಬೇಕೆಂದು ಸರ್ಕಾರ ಆದೇಶ ಮಾಡಿತ್ತು. ‘ನೀವು ಟ್ರೆಡ್ಸ್‌ನಲ್ಲಿ ಇದ್ದೀರಾ?’ ಎಂದು ದೊಡ್ಡ ಗಿರಾಕಿಯನ್ನು ಕೇಳಲು ಹೇಳಿ.

ಸರ್ಕಾರಿ ಟೆಂಡರ್ ಆದರೆ

ಕೇಂದ್ರ ಸರ್ಕಾರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಶೇ. 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. ಅದರೊಳಗೆ ಶೇ. 3 ಮಹಿಳೆಯರ ಉದ್ಯಮಗಳಿಂದ! ಟೆಂಡರ್ ಹಾಕುವಾಗ ಇಡುವ ಇಎಂಡಿ ಠೇವಣಿಯಿಂದ ವಿನಾಯಿತಿಯೂ ಇದೆ. ಕೆಲಸ ಸಿಕ್ಕ ಮೇಲೆ ಕೇಳುವ ಭದ್ರತಾ ಠೇವಣಿ ಬೇರೆ, ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ನಿಮ್ಮ ರೇಟು ಕನಿಷ್ಠ ರೇಟಿಗಿಂತ ಶೇ. 15ರ ಒಳಗೆ ಹೆಚ್ಚಿದ್ದರೆ, ಆ ಕನಿಷ್ಠ ರೇಟಿಗೆ ಒಪ್ಪಿ ಮೊತ್ತದ ಒಂದು ಪಾಲನ್ನು ಪಡೆಯುವ ಅವಕಾಶವನ್ನೂ ಕೊಟ್ಟಿದ್ದಾರೆ. ಅಂದರೆ ಚಿಕ್ಕವರು ಚಿಕ್ಕ ಪಾಲು ತೆಗೆದುಕೊಳ್ಳುವುದನ್ನು ಸರ್ಕಾರವೇ ಒಪ್ಪಿದೆ. ನಮಗೇನು ಸಂಕೋಚ?

ನಿಮ್ಮ ಸಹಿ, ನಿಮ್ಮ ಮನೆ

ಈಗ ಮುಖ್ಯವಾದ ಮಾತು. ‘ಸುಮ್ಮನೆ ಹೆಸರಿಗೆ ಪಾರ್ಟ್ನರ್’, ‘ಸುಮ್ಮನೆ ಒಂದು ಗ್ಯಾರಂಟಿ ಸಹಿ’ ಎನ್ನುವುದು ಮನೆಮಾತು. ಕಾನೂನಿಗೆ ‘ಸುಮ್ಮನೆ’ ಎಂಬ ಪದವೇ ಗೊತ್ತಿಲ್ಲ. ಪಾರ್ಟ್ನರ್ ಆದರೆ ವರ್ಕ್‌ಶಾಪ್‌ನ ಪೂರ್ತಿ ಸಾಲಕ್ಕೆ ನೀವೂ ಹೊಣೆ, ನಿಮ್ಮ ಸ್ವಂತ ಆಸ್ತಿಯೂ ಸೇರಿ. ಗ್ಯಾರಂಟಿ ಹಾಕಿದರೆ ಸಾಲ ಪಡೆದವರಷ್ಟೇ ಹೊಣೆ ನಿಮಗೂ ಇರುತ್ತದೆ. ಮನೆ ಪತ್ರ ಅಡವಿಡುವಾಗ ಬ್ಯಾಂಕಿನವರು ನಿಮ್ಮನ್ನೂ ಕರೆಸುವುದು ಕಾಫಿ ಕುಡಿಸಲು ಅಲ್ಲ.

ಸಹಿ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಗಂಡನ ಕಷ್ಟಕ್ಕೆ ಹೆಂಡತಿ ನಿಲ್ಲದೆ ಇನ್ಯಾರು ನಿಲ್ಲಬೇಕು? ಆದರೆ ಲೆಕ್ಕ ನೋಡಿ ಸಹಿ ಹಾಕಿ. ‘ಎಷ್ಟು ದಿನಕ್ಕೆ, ಎಷ್ಟು ದುಡ್ಡು, ಬರದಿದ್ದರೆ ಏನು?’ ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಸಹಿ.

ಹೇಳುವುದು ಹೇಗೆ?

‘ನಿಂಗೆ ಇದೆಲ್ಲ ಗೊತ್ತಾಗಲ್ಲ ಬಿಡು’ ಎನ್ನುವ ಉತ್ತರ ಬರಬಹುದು. ಬಂದರೆ ಜಗಳ ಬೇಡ. ಕೆಲಸದ ಹುಡುಗರ ಎದುರು, ಮಾವನವರ ಎದುರು ಈ ಮಾತು ಎತ್ತಲೇಬೇಡಿ. ಆರ್ಡರ್ ಬಂದ ದಿನವೂ ಬೇಡ, ಅವತ್ತು ಮೈಸೂರುಪಾಕು ತಿನ್ನಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನೋಟ್‌ಬುಕ್ ತೆಗೆದುಕೊಂಡು ಕೂತು, ‘ರೀ, ನಂಗೊಂದು ಲೆಕ್ಕ ಹೇಳಿಕೊಡಿ’ ಎಂದು ಶುರು ಮಾಡಿ. ಅವರೇ ಹೇಳುತ್ತಾ ಹೋಗಲಿ, ನೀವು ತಿಂಗಳು ತಿಂಗಳು ಬರೆಯುತ್ತಾ ಹೋಗಿ. ನಾಲ್ಕನೇ ತಿಂಗಳ ಮೊತ್ತ ಬರೆಯುವಾಗ ಅವರೇ ಸುಮ್ಮನಾಗುತ್ತಾರೆ. ನಮ್ಮನೆಯಲ್ಲಿ ಹಾಗೇ ಆಯಿತು. ಈಗ ಯಾವ ಆರ್ಡರ್ ಬಂದರೂ ನಮ್ಮನೆಯವರು ಮೊದಲು ಕೇಳುವುದು, ‘ಆ ನಿನ್ನ ಪುಸ್ತಕ ಎಲ್ಲಿ?’ ಎಂದು.

ಆರ್ಡರ್ ಒಪ್ಪುವ ಮುನ್ನ 8 ಪ್ರಶ್ನೆ (ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿಕೊಳ್ಳಿ)

1. ಮೊದಲ ದುಡ್ಡು ಬರುವ ಹೊತ್ತಿಗೆ ಕೈಯಿಂದ ಒಟ್ಟು ಎಷ್ಟು ಹೋಗಿರುತ್ತದೆ? ಜಿಎಸ್‌ಟಿ ಸೇರಿಸಿದಿರಾ?

2. ಎರಡು ತಿಂಗಳ ಸಂಬಳ, ಬಾಡಿಗೆ, ಕಂತು, ಮನೆ ಖರ್ಚು ತೆಗೆದಿಟ್ಟ ಮೇಲೂ ಅಷ್ಟು ದುಡ್ಡು ಇದೆಯಾ?

3. ಹಳೆಯ ಗಿರಾಕಿಗಳ ಕೆಲಸ ಬಿಟ್ಟು ಮೆಷಿನ್ ಗಂಟೆ ಎಷ್ಟು ಉಳಿದಿದೆ?

4. ಈ ಗಿರಾಕಿಯ ಪಾಲು ವರ್ಷದ ವ್ಯವಹಾರದಲ್ಲಿ ಮೂರನೇ ಒಂದು ಭಾಗ ಮೀರುತ್ತದಾ?

5. ಮೆಟೀರಿಯಲ್ ಅವರೇ ಕೊಡುತ್ತಾರಾ? ಅಡ್ವಾನ್ಸ್ ಇದೆಯಾ?

6. ತಡವಾದರೆ ದಂಡ ಎಷ್ಟು? ಮಧ್ಯದಲ್ಲಿ ನಿಲ್ಲಿಸಿದರೆ ಮಾಲು ಯಾರದು?

7. ಚಿಕ್ಕ ಆರ್ಡರ್ ಆದರೆ ಸೆಟ್ಟಿಂಗ್ ಖರ್ಚು ರೇಟಿನಲ್ಲಿ ಸೇರಿದೆಯಾ?

8. ಉದ್ಯಮ್ ನಂಬರ್ ಬಿಲ್ಲಿನ ಮೇಲಿದೆಯಾ?

ಎಂಟರಲ್ಲಿ ಮೊದಲ ಎರಡಕ್ಕೆ ಸರಿಯಾದ ಉತ್ತರ ಸಿಗದಿದ್ದರೆ, ಉಳಿದ ಆರು ಎಷ್ಟೇ ಚೆನ್ನಾಗಿದ್ದರೂ ಆರ್ಡರನ್ನು ಕತ್ತರಿಸಿ ಕೇಳಿ. ದೊಡ್ಡ ಆರ್ಡರ್ ಇವತ್ತಲ್ಲ ನಾಳೆ ಮತ್ತೆ ಬರುತ್ತದೆ. ಅವತ್ತಿಗೆ ನಿಮ್ಮ ಗಲ್ಲಾವೂ ಸ್ವಲ್ಪ ದೊಡ್ಡದಾಗಿರುತ್ತದೆ.

ನನ್ನ ಸರ ಮತ್ತೆ ಬರಲಿಲ್ಲ ಎಂದೆನಲ್ಲ? ಮೂರು ವರ್ಷದ ಹಿಂದೆ ನಮ್ಮನೆಯವರು ಹೊಸದು ಮಾಡಿಸಿಕೊಟ್ಟರು. ಯಾವುದೋ ದೊಡ್ಡ ಆರ್ಡರ್‌ನಿಂದಲ್ಲ, ಹತ್ತಾರು ಚಿಕ್ಕ-ಮಧ್ಯಮ ಆರ್ಡರ್‌ಗಳಿಂದ. ಹನಿ ಹನಿ ಕೂಡಿದರೆ ಹಳ್ಳ, ಅಲ್ವಾ?